ಇಬ್ಬರೂ ಹಿರಿಯರು

ಎರಡು ಪೆಟ್ಟಿಗೆಗಳನ್ನು ಜೋಡಿಸಿ, ಇರುವುದು ಒಂದೇ ಪೆಟ್ಟಿಗೆ ಎಂದು ಲೋಕವನ್ನು ನಂಬಿಸುವುದು ನೀಲಗಂಗೆಯ ಅಂದಿನ ಕೆಲಸ. ಧಾರವಾಡದ ಸ್ಮೃತಿಕೇಂದ್ರದ ತಣ್ಣನೆಯ ಯಂತ್ರಕೋಣೆಯಲ್ಲಿ ಮೊಣಕಾಲೂರಿ ಕೂತು, ತುಟಿಯ ನಡುವೆ ಒಂದು ಸ್ಕ್ರೂ ಕಚ್ಚಿಕೊಂಡು, ಬೆಳಗಿನಿಂದ ಅವಳು ಅದನ್ನೇ ಮಾಡುತ್ತಿದ್ದಳು. ಲೋಕವೆಂದರೆ ಇಲ್ಲಿ ಅಷ್ಟು ದೊಡ್ಡದೇನಲ್ಲ. ಊರಿನ ಇನ್ನೊಂದು ತುದಿಯ ಬಾಡಿಗೆ ಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತ ಕಾಶವ್ವ ಎಂಬ ಅರವತ್ತೆಂಟರ ಹೆಂಗಸಿನ ತಲೆ, ಅಷ್ಟೇ.

ಎಂಟು ವರ್ಷಗಳ ಹಿಂದೆ ಕಾಶವ್ವನಿಗೊಂದು ಜ್ವರ ಬಂದಿತ್ತು. ಹೋಗುವಾಗ ಅದು ನೆನಪು ಕೂಡಿಡುವ ಮಿದುಳಿನ ಭಾಗವನ್ನು ಅರೆಬರೆ ತಿಂದು ಹೋಯಿತು. ಉಳಿದದ್ದು ಪೂರ್ತಿ ಅಳಿಯುವ ಮೊದಲು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ರೆಹಾನಾ ಅದನ್ನೆಲ್ಲ ಹೊರಗೆ ತೆಗೆದು ಯಂತ್ರವೊಂದರಲ್ಲಿ ಇಟ್ಟರು. ಅಂದಿನಿಂದ ಕಾಶವ್ವನ ಹಣೆಯ ಮೇಲೆ ಒಂದು ತೆಳು ರೇಶಿಮೆ ಪಟ್ಟಿ. ಅವಳು ಯಾರನ್ನಾದರೂ ನೋಡಿದರೆ, 'ಇವರು ಯಾರು?' ಎಂಬ ಪ್ರಶ್ನೆ ಪಟ್ಟಿಯಿಂದ ಹೊರಟು, ಊರು ದಾಟಿ ಕೇಂದ್ರಕ್ಕೆ ಬಂದು, ಉತ್ತರ ಹಿಡಿದುಕೊಂಡು ರೆಪ್ಪೆ ಬಡಿಯುವುದರೊಳಗೆ ಹಿಂದಿರುಗುತ್ತಿತ್ತು. ನೋಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವಳಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ನೆನಪಿಗೆ ನಕಲು ಇರಲಿಲ್ಲ. ಮೊದಮೊದಲು ನಕಲು ಮಾಡಿ ನೋಡಿದ್ದರು. ಇಬ್ಬಗೆಯ ನೆನಪು ಬಂದು, ಯಾವುದು ನಿಜ ಎಂದು ತಿಳಿಯದೆ ರೋಗಿಗಳು ದಿನಗಟ್ಟಲೆ ಅತ್ತಿದ್ದರು. ಹಾಗಾಗಿ ಒಂದು ನೆನಪಿಗೆ ಒಂದೇ ಪ್ರತಿ. ಟ್ರಂಕಿನಿಂದ ಸೀರೆ ತೆಗೆದು ಉಟ್ಟು ಮತ್ತೆ ಮಡಚಿ ಇಡುವ ಹಾಗೆ, ನೆನೆದಾಗ ಅದು ಯಂತ್ರ ಬಿಟ್ಟು ಬರುತ್ತಿತ್ತು, ನೆನೆದಾದ ಮೇಲೆ ಹಿಂದಕ್ಕೆ ಹೋಗುತ್ತಿತ್ತು. ನಡುದಾರಿಯಲ್ಲಿ ಬಿದ್ದರೆ ಹೋದಂತೆಯೇ.

ಈ ನಡುದಾರಿಯಲ್ಲಿ ಒಂದು ಸ್ವಿಚ್ ಇತ್ತು. ದೀಪ ಹಚ್ಚುವ ಗುಂಡಿಯಲ್ಲ. ತಂತಿಗಳೆಲ್ಲ ಬಂದು ಕೂಡುವ, ಯಾವ ಮಾತು ಯಾವ ದಾರಿ ಹಿಡಿಯಬೇಕೆಂದು ಹೇಳುವ ಪೆಟ್ಟಿಗೆ. ಜನವರಿಯಲ್ಲಿ ಅದು ಹನ್ನೊಂದು ನಿಮಿಷ ಕೆಟ್ಟು ನಿಂತಿತು. ಆಗ ಕಾಶವ್ವ ತನ್ನ ತಂಗಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದಳು. ಸ್ವಿಚ್ ಮತ್ತೆ ಶುರುವಾದಾಗ, "ಯಾರ್ರೀ ಮಾತಾಡೋದು? ರಾಂಗ್ ನಂಬರ್ ಇರಬೇಕು," ಎಂದು ಫೋನಿಟ್ಟಳು. ಆ ತಂಗಿ ಈಗ ತಿಂಗಳಿಗೊಮ್ಮೆ ಬಂದು, ಬಾಗಿಲಲ್ಲಿ ನಿಂತು, ತನ್ನ ಹೆಸರು ಹೇಳಿ ಒಳಗೆ ಬರುತ್ತಾಳೆ.

"ಹೆಚ್ಚು ನೆನೆಸೋದ ಹೆಚ್ಚು ದಾರಿ ಮ್ಯಾಲೆ ಇರತೈತಿ, ನೀಲಾ," ಎಂದಿದ್ದರು ಡಾಕ್ಟರ್ ರೆಹಾನಾ. "ಮುಂದ ಒಂದ್ಸಲ ಹಿಂಗಾದರ ಆಕಿ ಯಾರನ್ನ ಕಳಕೋತಾಳ ಅನ್ನೋದು ನಿನಗೂ ಗೊತ್ತೈತಿ, ನನಗೂ ಗೊತ್ತೈತಿ."

ಗೊತ್ತಿತ್ತು. ಕಾಶವ್ವ ಎಚ್ಚರವಿರುವ ಹದಿನಾರು ತಾಸಿನಲ್ಲಿ ಹದಿನೈದು ತಾಸು ನೆನೆಯುತ್ತಿದ್ದುದು ತನ್ನ ಗಂಡ ಚನ್ನವೀರಪ್ಪನನ್ನು. ಅದರಲ್ಲಿ ಅರ್ಧ ಬೈಯಲಿಕ್ಕೆ, ಆ ಮಾತು ಬೇರೆ.

ಅದಕ್ಕೇ ಈ ಜೋಡಿ ಸ್ವಿಚ್. ಒಂದು ಸುಮ್ಮನೆ ಕೂತು ಇನ್ನೊಂದು ಸಾಯಲೆಂದು ಕಾಯುವ ಜೋಡಿ ಅಲ್ಲ. ಎರಡೂ ಸದಾ ದುಡಿಯುವ ಜೋಡಿ. ಮನೆಯಿಂದ ಎರಡು ತಂತಿ ಬಂದು ಎರಡು ಸ್ವಿಚ್ಚಿಗೆ ಸೇರುತ್ತವೆ. ಮನೆಯ ಕಡೆಯಿಂದ ನೋಡಿದರೆ ಅದು ಒಂದೇ ತಂತಿ, ಒಂದೇ ಸ್ವಿಚ್. ಒಂದು ಕೆಟ್ಟರೆ ಅದರ ಪಾಲಿನ ಮಾತುಗಳನ್ನು ಇನ್ನೊಂದು ಆ ಕ್ಷಣದಲ್ಲೇ ಎತ್ತಿಕೊಳ್ಳುತ್ತದೆ. ಅದಕ್ಕಾಗಿ ಸ್ವಿಚ್ಚುಗಳ ನಡುವೆ ಒಂದು ದಪ್ಪ ತಂತಿ. ತಾನು ಕೇಳಿದ್ದನ್ನೆಲ್ಲ ಒಂದು ಇನ್ನೊಂದಕ್ಕೆ ಅದರ ಮೂಲಕ ಹೇಳುತ್ತಿರಬೇಕು. ಜೊತೆಗೊಂದು ಸಣ್ಣ ತಂತಿ, ಬರೀ 'ಇದ್ದೀಯಾ?' 'ಇದ್ದೀನಿ' ಎನ್ನಲಿಕ್ಕೆ.

ಒಮ್ಮೆ ಆ ನಡುವಿನ ದಪ್ಪ ತಂತಿಯೇ ಹೋದರೆ? ಅದಕ್ಕೂ ನಿಯಮವುಂಟು. ಎರಡರಲ್ಲಿ ಒಂದು ಹಿರಿಯದು, ಒಂದು ಕಿರಿಯದು. ಒಬ್ಬರ ಮಾತು ಒಬ್ಬರಿಗೆ ಕೇಳದಾದಾಗ ಕಿರಿಯದು ತಾನಾಗಿ ಬಾಯಿ ಮುಚ್ಚಿಕೊಳ್ಳಬೇಕು. ಹಿರಿಯದಕ್ಕೆ ಒಂದು, ಕಿರಿಯದಕ್ಕೆ ಎರಡು ಎಂದು ಅಂಕಿ ಬರೆದರೆ ಮುಗಿಯಿತು. ಇಡೀ ಜೋಡಣೆಯಲ್ಲಿ ಅತಿ ಸುಲಭದ ಕೆಲಸ ಅದೇ.

ಅಂದು ಮಧ್ಯಾಹ್ನ ಮನೆಯ ಕಡೆಯ ತಂತಿ ಹಾಕಲು ನೀಲಗಂಗೆ ಹೋದಾಗ ಚನ್ನವೀರಪ್ಪ ತಂಬೂರಿಯ ತಂತಿಗೆ ಎಣ್ಣೆಬಟ್ಟೆ ಸವರುತ್ತಿದ್ದ. ಗಂಡಹೆಂಡಿರು ಮೂವತ್ತು ವರ್ಷ ಒಬ್ಬರೇ ಗಾಯಕಿಯ, ಅವರು 'ಬಾಯಾರು' ಎಂದು ಕರೆಯುತ್ತಿದ್ದವರ, ಹಿಂದೆ ಕೂತು ತಂಬೂರಿ ನುಡಿಸಿದವರು. ಒಂದು ದಿನವೂ ಮೈಕು ಅವರ ಕಡೆ ತಿರುಗಿದ್ದಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇದ್ದಂತಿರಲಿಲ್ಲ.

"ಎರಡ್ ಯಾಕ ಬೇಕವಾ ತಂತಿ? ಒಂದ ಸಾಲಂಗಿಲ್ಲೇನು?" ಎಂದಳು ಕಾಶವ್ವ.

"ತಂಬೂರಿ ಎರಡ ಯಾಕ ಇಟಗೋತಾರ, ಹೇಳ ನೋಡೋಣ?" ಎಂದ ಚನ್ನವೀರಪ್ಪ, ತಂಬೂರಿಯಿಂದ ತಲೆಯೆತ್ತದೆ. "ನಂದು ನಾಕನೇ ತಂತಿಗೆ ಬಂದಾಗ ನಿಂದು ಎರಡನೇದಕ್ಕ ಇರತೈತಿ. ಇಬ್ರೂ ಕೂಡೇ ಮೀಟಿದರ ಇಬ್ರದೂ ಕೂಡೇ ಖಾಲಿ ಬೀಳತೈತಿ. ಒಬ್ರ ಖಾಲಿ ಇನ್ನೊಬ್ರು ತುಂಬಬೇಕು. ಕೇಳಾವ್ರಿಗೆ ಒಂದ ತಂಬೂರಿ ಅನಸಬೇಕು."

ನೀಲಗಂಗೆ ಕೈಯಲ್ಲಿದ್ದ ತಂತಿ ಬಿಟ್ಟು ಅವನನ್ನೇ ನೋಡಿದಳು. ನಾಲ್ಕು ವರ್ಷ ಕಾಲೇಜಿನಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ.

"ಮತ್ತ ಇದೇನು, ಎರಡೂ ತಂತಿ ಒಂದ ತೂತಿನ್ಯಾಗ ತೂರಿಸಾಕತ್ತೀಯಲ್ಲ?" ಎಂದ ಅವನೇ. "ಎರಡೂ ತಂಬೂರಿ ಒಂದ ಮಗ್ಗಲಕ್ಕ ಕುಂತರ ಹೆಂಗ?"

ಅವಳು ನಾಲಿಗೆ ಕಚ್ಚಿಕೊಂಡು, ಒಂದು ತಂತಿಯನ್ನು ಎಳೆದು ಅಡುಗೆಮನೆಯ ಕಿಟಕಿಯಿಂದ ತಂದಳು. ಒಂದು ಇಲಿ ಎರಡನ್ನೂ ಒಟ್ಟಿಗೇ ಕಡಿಯುವ ಭಯ ಅಲ್ಲಿಗೆ ತಪ್ಪಿತು. ಕೆಲಸ ಮುಗಿಸಿ ಚಹಾ ಕುಡಿಯುವಾಗ ಸುಮ್ಮನೆ ಕೇಳಿದಳು. "ನಿಮ್ಮಿಬ್ಬರೊಳಗ ಹಿರ್ಯಾರು ಯಾರ್ರಿ, ಅಜ್ಜಾರ? ನುಡಸೂ ಮುಂದ ಏನರ ಹೆಚ್ಚುಕಡಿಮಿ ಆದರ?"

"ಶ್ರುತಿ ಇಳಿದರ ಸಣ್ಣಾವ್ರು ತಂತಿ ಮ್ಯಾಲೆ ಕೈ ಇಟ್ಟು ಸುಮ್ಮನಾಗಬೇಕು, ಅದು ಪದ್ಧತಿ," ಎಂದಳು ಕಾಶವ್ವ. "ನಾನ ಸಣ್ಣಾಕಿ. ಇವರು ನನಕಿಂತ ನಾಕ ವರ್ಷ ದೊಡ್ಡಾವ್ರು."

"ವಯಸ್ಸಿನ ಮಾತು ಯಾಕ? ಬಾಯಾರ ಹಿಂದ ಆಕಿ ಕುಂತ ಎರಡ ವರ್ಷದ ಮ್ಯಾಲೆ ನಾ ಕುಂತಾಂವ. ಆಕಿ ಹಿರ್ಯಾಕಿ."

"ನೋಡವಾ, ಲಗ್ನಾಗಿ ನಲವತ್ತು ವರ್ಷಾತು, ಇದೊಂದು ಒಪ್ಪಂಗಿಲ್ಲ. ಮಿರಜಿಂದ ಈ ತಂಬೂರಿ ತರೂ ಮುಂದನೂ ಹಿಂಗ." ಕಾಶವ್ವನ ಕಣ್ಣು ಹೊಳೆದವು. "ಬಾಯಾರು ನಮ್ಮಿಬ್ಬರನ್ನ ಕಳಿಸಿದ್ರು. ನನಗ ಆಗ ಇಪ್ಪತ್ತು. ಪರಿಚಯ ಅಂದರ ಬರೇ ನಮಸ್ಕಾರದಷ್ಟು. ಒಂದ ಬಳ್ಳಿ ಸೋರೆ ಬುರುಡೆ ಇವೆರಡೂ. ರೈಲಿಗೆ ಘಟಪ್ರಭಾದಾಗ ಮಂದಿ ಹತ್ತಿ ಬಿಟ್ರು. ಒಂದು ತಂಬೂರಿ ನನ್ನ ತೊಡಿ ಮ್ಯಾಲಿತ್ತು, ಇನ್ನೊಂದನ್ನ ಈ ಮನಷ್ಯಾ ತನ್ನ ಸೀಟ್ ಮ್ಯಾಲೆ ಕುಂಡರಿಸಿ ತಾ ನಿಂತ. ಕುಂಡರ್ರಿ, ಅದನ್ನೂ ನಾ ತೊಡಿ ಮ್ಯಾಲೆ ಇಟಗೋತೀನಿ ಅಂದ್ನಿ. ಬ್ಯಾಡ್ರಿ, ಅದು ಕುಂತರ ಸಾಕು ಅಂದ. ಧಾರವಾಡತನಾ ನಿಂತ, ನೋಡು! ಇಂಥಾ ಹಟಮಾರಿ ಮನಷ್ಯಾನ್ನ ನಾ ಹಿಂದ ನೋಡಿದ್ದಿಲ್ಲ."

ಈ ಕಥೆಯನ್ನು ನೀಲಗಂಗೆ ಕೇಳುವುದು ಆರನೆಯ ಸಲವೋ ಏಳನೆಯ ಸಲವೋ. ಕಾಶವ್ವ ಅದನ್ನು ಹೇಳುವಾಗ ಒಂದು ಕೈ ಮಡಿಲ ಮೇಲೆ ಗೋಲಾಗಿ ಬಾಗುತ್ತಿತ್ತು, ತಂಬೂರಿಯ ಬುರುಡೆ ಈಗಲೂ ಅಲ್ಲೇ ಇದೆ ಎಂಬಂತೆ. ಚನ್ನವೀರಪ್ಪ ಪ್ರತಿ ಸಲವೂ ಹೊಸದಾಗಿ ನಾಚುತ್ತಿದ್ದ.

ಕೇಂದ್ರಕ್ಕೆ ಮರಳಿ ನೀಲಗಂಗೆ ಸ್ವಿಚ್ಚುಗಳಿಗೆ ಹೆಸರಿಟ್ಟಳು. ಒಂದಕ್ಕೆ ಕಾಶಿ, ಇನ್ನೊಂದಕ್ಕೆ ಚನ್ನ. ಹಿರಿಯದು ಯಾವುದು ಎಂದು ಪರದೆ ಕೇಳಿತು. ಕಾಶಿಗೆ ಒಂದು ಬರೆದಳು. ಚನ್ನಕ್ಕೆ ಎರಡು ಬರೆಯಲು ಹೋಗಿ ಕೈ ತಡೆಯಿತು. ಅವರಿಬ್ಬರೂ ಅಷ್ಟು ಪ್ರೀತಿಯಿಂದ ಹಿರಿತನವನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿರುವಾಗ ತಾನು ಯಾರು ಅದನ್ನು ತೀರ್ಮಾನಿಸುವವಳು? ಎರಡಕ್ಕೂ ಒಂದು ಎಂದೇ ಬರೆದಳು. ಪರದೆ ಹಳದಿಯಾಗಿ, 'ಇಬ್ಬರೂ ಹಿರಿಯರು. ಇರಲೇ?' ಎಂದು ಕೇಳಿತು. 'ಇರಲಿ' ಒತ್ತಿದಳು. ದಪ್ಪ ತಂತಿ ಪರೀಕ್ಷಿಸುವ ದಿನ ಸರಿಮಾಡಿದರಾಯಿತು ಎಂದುಕೊಂಡಳು. ಕೆಲಸ ಬಲ್ಲವರು ಮಾಡುವ ತಪ್ಪುಗಳೆಲ್ಲ ಹೀಗೇ, ಒಳ್ಳೆಯ ಮನಸ್ಸಿನಿಂದ ಶುರುವಾಗುತ್ತವೆ.

ಮರುದಿನದ ಪರೀಕ್ಷೆ ಹಬ್ಬದಂತಾಯಿತು. ನೀಲಗಂಗೆ ಮನೆಯಿಂದ ಬಂದ ಒಂದು ತಂತಿಯನ್ನು ಕಿತ್ತಳು. ಫೋನಿನ ಆ ತುದಿಯಲ್ಲಿ ಕಾಶವ್ವ ಪಲ್ಯಕ್ಕೆ ಉಪ್ಪು ಹೆಚ್ಚಾದುದಕ್ಕೆ ಗಂಡನನ್ನು ಬೈಯುತ್ತಿದ್ದಳು. ಬೈಗುಳದ ಒಂದು ಅಕ್ಷರವೂ ತಪ್ಪಲಿಲ್ಲ. ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತಳು. ಬೈಗುಳ ಸಲೀಸಾಗಿ ಸಾಗಿತ್ತು. ಒಂದು ಸ್ವಿಚ್ಚನ್ನೇ ನಿಲ್ಲಿಸಿದಳು. ಆಗಲೂ ಅಷ್ಟೇ. ಡಾಕ್ಟರ್ ರೆಹಾನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇವತ್ತಿಗೆ ಸಾಕು, ನೀಲಾ. ನಡುವಿನ ತಂತಿದು ಸೋಮವಾರ ನೋಡೂಣು. ಆಕಿಗೂ ದಣಿವಾಗಿರತೈತಿ," ಎಂದರು.

ಸೋಮವಾರ ಬರುವ ಮೊದಲೇ ಶನಿವಾರ ಬಂತು. ಮಧ್ಯಾಹ್ನ ನಾಲ್ಕರ ಹೊತ್ತಿಗೆ ನೀಲಗಂಗೆ ಆ ಮನೆಯ ನಡುಕೋಣೆಯಲ್ಲಿ ಗಿರ್ಮಿಟ್ ತಿನ್ನುತ್ತ ಕೂತಿದ್ದಳು. ಅದೇ ಹೊತ್ತಿಗೆ ಕೇಂದ್ರದಲ್ಲಿ ಏಸಿ ರಿಪೇರಿಗೆ ಬಂದವನು ಏಣಿಯ ಕಾಲನ್ನು ನೆಲದ ಒಂದು ಹಲಗೆಯ ಮೇಲೆ ಊರಿದ. ಹಲಗೆ ಕುಸಿದು, ಅಡಿಯಲ್ಲಿದ್ದ ದಪ್ಪ ತಂತಿ ಜಜ್ಜಿಹೋಯಿತು. ಸಣ್ಣ ತಂತಿಗೆ ಏನೂ ಆಗಲಿಲ್ಲ. 'ಇದ್ದೀಯಾ?' ಎಂದಿತು ಕಾಶಿ. 'ಇದ್ದೀನಿ,' ಎಂದಿತು ಚನ್ನ. ಹಾಗಾದರೆ ಕಿರಿಯದು ಸುಮ್ಮನಾಗಬೇಕು ಎಂದು ಎರಡಕ್ಕೂ ಗೊತ್ತಿತ್ತು. ತಾನು ಕಿರಿಯದೆಂದು ಎರಡಕ್ಕೂ ಗೊತ್ತಿರಲಿಲ್ಲ.

ಕಾಶವ್ವ ಆಗ ಯಾರೂ ಕೇಳದಿದ್ದರೂ ಮಿರಜಿನ ಕಥೆ ಹೇಳುತ್ತಿದ್ದಳು. ಘಟಪ್ರಭಾ ಬಂದಲ್ಲಿಗೆ ಮಾತು ನಿಲ್ಲಿಸಿ, ಬಾಗಿಲ ಕಡೆ ನೋಡಿ ನಕ್ಕಳು.

"ಅಯ್ಯ, ಕಬ್ಬು ಹೂ ಬಿಟ್ಟಾವು," ಎಂದಳು. "ಎಷ್ಟು ದೂರತನಾ ಬೆಳ್ಳಗ ಐತಿ ನೋಡ್ರಿ."

ಬಾಗಿಲಾಚೆ ಇದ್ದುದು ಎದುರುಮನೆಯ ಕಾಂಪೌಂಡು. ಚನ್ನವೀರಪ್ಪ ಗಾಬರಿಯಾಗಿ, "ಕಾಶೀ," ಎಂದ. ಅವಳು ಅವನತ್ತ ತಿರುಗಿ, "ಏನ್ರೀ, ಚಾ ಆರಾಕತ್ತೈತಿ, ಕುಡೀರಿ," ಎಂದಳು, ಎಂದಿನ ದನಿಯಲ್ಲೇ. ಮರುಕ್ಷಣ ಬಾಗಿಲ ಪಕ್ಕದ ಖಾಲಿ ಜಾಗಕ್ಕೆ ತಟ್ಟೆ ಚಾಚಿದಳು. "ತಗೋರಿ, ನಿಂತ ತಿನ್ರಿ. ನೀವೇನು ಕುಂಡ್ರಂಗಿಲ್ಲಲ್ಲ."

ಕಾಶವ್ವ ಹೆದರಿರಲಿಲ್ಲ. ಒಂದೇ ಸಲಕ್ಕೆ ಎರಡು ಮಧ್ಯಾಹ್ನಗಳಲ್ಲಿ ಕೂತಿದ್ದಳು, ಎರಡೂ ಅವಳವೇ. ಮೈ ಗಾಡಿಯ ಓಟಕ್ಕೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗುತ್ತಿತ್ತು. ಒಂದು ಕೈ ಮುದುಕ ಗಂಡನ ಅಂಗಿಯ ಗುಂಡಿ ಸರಿಮಾಡುತ್ತಿದ್ದರೆ ಇನ್ನೊಂದು ಮಡಿಲ ಬುರುಡೆಯನ್ನು ಕುಲುಕದಂತೆ ಹಿಡಿದಿತ್ತು. ಕಿಟಕಿಯಿಂದ ಬಿದ್ದ ಬಿಸಿಲು ಅವಳ ಮುಖದ ಮೇಲೆ ನಿಂತಲ್ಲೇ ನಿಂತಿದ್ದರೂ, ಅವಳು ಮರಗಳ ನೆರಳು ಹಾದುಹೋಗುತ್ತಿರುವವಳಂತೆ ಕಣ್ಣು ಮಿಟುಕಿಸುತ್ತಿದ್ದಳು. ನೋಡುತ್ತ ನೋಡುತ್ತ ನೀಲಗಂಗೆಗೂ ಕೋಣೆಯ ನೆಲ ಸಣ್ಣಗೆ ಅದುರುತ್ತಿದೆ ಎನಿಸಿತು. ಇದು ಹೀಗೇ ಸಾಗಲಿ ಎಂದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನಿಸಿತು.

ಫೋನು ಬಡಿದುಕೊಂಡಿತು. ಡಾಕ್ಟರ್ ರೆಹಾನಾ.

"ನೀಲಾ, ನಡುವಿನ ತಂತಿ ಹೋಗೇತಿ. ಎರಡೂ ಸ್ವಿಚ್ ತಾವ ಹಿರ್ಯಾರು ಅಂತ ಕುಂತಾವು. ನೀ ಏನ್ ಬರದಿದ್ದಿ?"

"ಎರಡಕ್ಕೂ ಒಂದು ಬರದೀನ್ರಿ, ಮೇಡಂ. ತಪ್ಪು ನಂದ."

"ಅದು ಆಮ್ಯಾಲೆ. ಬ್ಯಾರೆ ತಂತಿ ಹುಬ್ಬಳ್ಳಿಯಿಂದ ಬರಬೇಕು, ಒಂದ ತಾಸು ಬೇಕು. ನೆನಪು ಯಂತ್ರಕ್ಕ ತಿರುಗೂ ಮೊದಲ ನಮಗ ಇರೋದು ಹತ್ತ ನಿಮಿಷ. ಒಂದ ಮನಷ್ಯಾನ ನೆನಪು ಎರಡೂ ದಾರಿ ಹಿಡಿದು ಎರಡು ಥರಾ ಆಗಿ ತಿರುಗಿ ಬಂದರ, ಯಂತ್ರ ಎರಡರಾಗ ಒಂದನ್ನೂ ಒಳಗ ತಗೊಳ್ಳಂಗಿಲ್ಲ, ಎರಡೂ ಹೋದಂಗ. ಒಂದನ್ನ ನಿಂದ್ರಸು. ನಿಂದ್ರಿಸಿದ್ದರಾಗ ಏನೈತಿ ಅದು ಹೋತು ಅಂತ ತಿಳಕೋ. ಯಾವುದರಾಗ ಏನೈತಿ ನೋಡು."

ನೀಲಗಂಗೆ ಟ್ಯಾಬ್ಲೆಟ್ ತೆರೆದಳು. ಕಾಶಿಯ ದಾರಿಯಲ್ಲಿ ರೈಲು ಓಡುತ್ತಿತ್ತು, ಅದರಲ್ಲಿ ನಿಂತ ಇಪ್ಪತ್ನಾಲ್ಕರ ಹುಡುಗನಿದ್ದ. ಚನ್ನದ ದಾರಿಯಲ್ಲಿ ಈ ಕೋಣೆಯಿತ್ತು, ಚಹಾ ಇತ್ತು, ಲಗ್ನವಾದಂದಿನಿಂದ ಈವರೆಗಿನ ಚನ್ನವೀರಪ್ಪನಿದ್ದ. ಅವಳು ಮುಚ್ಚಿಡದೆ ಎಲ್ಲವನ್ನೂ ಅವನಿಗೆ ಹೇಳಿದಳು. ತನ್ನ ತಪ್ಪನ್ನೂ ಹೇಳಿದಳು. "ರೈಲಿಂದು ನಿಂದ್ರಸ್ತೀನ್ರಿ, ಅಜ್ಜಾರ. ಒಂದ ಮಧ್ಯಾಹ್ನ ಹೋಗತೈತಿ, ಅಷ್ಟ. ನೀವು ಉಳೀತೀರಿ."

ಚನ್ನವೀರಪ್ಪ ಹೆಂಡತಿಯನ್ನು ನೋಡಿದ. ಅವಳು ಬಾಗಿಲ ಪಕ್ಕದವನಿಗೆ ಏನೋ ಹೇಳಿ ನಗುತ್ತಿದ್ದಳು. ಆ ನಗೆಯನ್ನು ಅವನು ಬಹಳ ವರ್ಷಗಳಿಂದ ನೋಡಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಎಷ್ಟ ನಿಮಿಷ ಉಳದಾವು?" ಎಂದ.

"ಆರು."

"ಚನ್ನನ್ನ ನಿಂದ್ರಸು."

"ಅಜ್ಜಾರ, ನೀವು ಯಾರಂತ ಗೊತ್ತಾಗಂಗಿಲ್ಲ ಅವರಿಗೆ! ನಲವತ್ತು ವರ್ಷ—"

"ಗೊತ್ತೈತಿ." ಅವನು ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. "ಈ ಮುದುಕನ್ನ ನಾ ಮತ್ತ ಪರಿಚಯ ಮಾಡಿಕೊಡ್ತೀನವಾ. ಇಲ್ಲೇ ಅದಾನ, ಎಲ್ಲೂ ಹೋಗಂಗಿಲ್ಲ. ಆ ಹುಡುಗನ್ನ ಎಲ್ಲಿಂದ ತರಲಿ? ಅಂವ ಆಕಿ ಕಡೆ ಮಾತ್ರ ಅದಾನ. ನನ್ನ ಕಡೆ ಸೈತ ಇಲ್ಲ." ಟ್ಯಾಬ್ಲೆಟ್ಟಿನತ್ತ ಬೆರಳು ತೋರಿಸಿ, "ನಾ ಸಣ್ಣಾಂವ ಅಂತ ಬರಿ. ಸಣ್ಣಾವ್ರು ಕೈ ಇಡಬೇಕು, ಅದು ಪದ್ಧತಿ," ಎಂದ.

ನೀಲಗಂಗೆ ಚನ್ನದ ಮುಂದಿನ ಒಂದನ್ನು ಅಳಿಸಿದಳು. ಅಕ್ಷರಗಳು ನೀರೊಳಗಿನಿಂದ ಕಂಡಂತೆ ಕಾಣುತ್ತಿದ್ದವು. ಎರಡು ಎಂದು ಬರೆದು ಒತ್ತಿದಳು. ಊರಿನ ಆ ತುದಿಯಲ್ಲಿ, ತಾನು ಕಿರಿಯದೆಂದು ತಿಳಿದ ಪೆಟ್ಟಿಗೆಯೊಂದು ತಕ್ಷಣವೇ, ಯಾವ ತಕರಾರೂ ಇಲ್ಲದೆ, ತನ್ನ ದೀಪಗಳನ್ನು ಆರಿಸಿಕೊಂಡಿತು.

ಕಾಶವ್ವನ ಮೈ ತೂಗುವುದು ನಿಂತಿತು. ಅವಳು ಕೋಣೆಯನ್ನೂ ಗೋಡೆಗೊರಗಿದ ಎರಡು ತಂಬೂರಿಗಳನ್ನೂ ಎದುರಿನ ಮುದುಕನನ್ನೂ ನೋಡಿದಳು. ಪರಗಂಡಸಿನ ಎದುರು ಕೂತವಳಂತೆ ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡಳು. ಆ ಒಂದು ಸಣ್ಣ ಸೆರಗು ಹೊದೆಯುವಿಕೆಯಲ್ಲಿ ಎಲ್ಲವೂ ಇತ್ತು. ನೀಲಗಂಗೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟಳು.

"ಇದು ನಿಮ್ಮ ಮನಿ ಏನ್ರಿ?" ಎಂದಳು ಕಾಶವ್ವ.

"ಹೌದ್ರಿ. ಬಾಡಿಗಿದು."

"ಈ ತಂಬೂರಿ ನಮ್ಮ ಬಾಯಾರವು. ಮಿರಜಿಂದ ನಾ ತಂದೀನಿ. ನೀವು ನುಡಸ್ತೀರೇನು?"

"ಅಷ್ಟಿಷ್ಟು."

ಅವನು ಎದ್ದು ಒಂದನ್ನು ಅವಳ ಮುಂದೆ ಇಟ್ಟ, ಇನ್ನೊಂದನ್ನು ತಾನು ತಗೊಂಡು ಎದುರಿನ ಮಗ್ಗಲಲ್ಲಿ ಕೂತ. ಕೈಗಳ ನೆನಪು ಯಂತ್ರದಲ್ಲಿರಲಿಲ್ಲ. ಜ್ವರ ಅದನ್ನು ಮುಟ್ಟಿರಲಿಲ್ಲ. ಕಾಶವ್ವನ ಬೆರಳು ತಾನಾಗಿ ತಂತಿಯ ಮೇಲೆ ಬಂದು ನಿಂತಿತು. ಆದರೆ ಮೀಟಲಿಲ್ಲ.

"ಮೊದಲ ನೀವು ಮೀಟ್ರಿ," ಎಂದಳು. "ನೀವು ಹಿರ್ಯಾರು."

"ಇಲ್ರಿ. ನೀವ ಹಿರ್ಯಾರು."

"ಅದ್ಹೆಂಗಾಕೈತಿ? ತಲಿ ಎಲ್ಲಾ ಬೆಳ್ಳಗಾಗೇತಿ ನಿಮ್ದು!"

"ಬಾಯಾರ ಹಿಂದ ನೀವು ಮೊದಲ ಕುಂತಾವ್ರು. ನಾ ಒಪ್ಪಂಗಿಲ್ರಿ."

ಅವಳು ಅವನನ್ನು ದಿಟ್ಟಿಸಿದಳು. ಸಿಟ್ಟು ಬರಬೇಕಾದ ಜಾಗಕ್ಕೆ ನಗು ಬಂತು.

"ಭಾಳ ಹಟಮಾರಿ ಅದೀರಿ," ಎಂದಳು. "ರೈಲಿನ್ಯಾಗ ನಿಮ್ಮಂಥಾಂವ ಒಬ್ಬ ಇದ್ದ. ಚನ್ನವೀರಪ್ಪ ಅಂತ. ಘಟಪ್ರಭಾದಿಂದ ನಿಂತಕೊಂಡ ಬಂದಾನ್ರೀ, ಕಾಲ ನೊಂದಿರಬೇಕು. ಇಳಿಯೂ ಗಡಿಬಿಡಿಯೊಳಗ ಒಂದು ಮಾತು ಕೇಳಲಿಲ್ಲ ನಾ. ನಿಮಗ ಅವರು ಗೊತ್ತೇನು?"

ಚನ್ನವೀರಪ್ಪ ತಂಬೂರಿಯ ಬುರುಡೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಗೊತ್ರಿ," ಎಂದ. "ಇದೇ ಊರಾಗ ಅದಾನ."

"ಸಿಕ್ಕರ ಹೇಳ್ರಿ ಮತ್ತ. ಕಾಶಿ ಕೇಳಿದ್ಲು ಅಂತ."

"ಹೇಳ್ತೀನ್ರಿ," ಎಂದು ಚನ್ನವೀರಪ್ಪ ತಂತಿ ಮೀಟಿದ. ಅದು ಖಾಲಿಯಾಗುವ ಮೊದಲೇ ಅವಳ ತಂಬೂರಿ ಸೇರಿಕೊಂಡಿತು.